ನೂತನ ಪರ್ವದ ಪ್ರಾಮಾಣ್ಯ

ಒಂಬತ್ತು ಅಡಿ ಅಡ್ಡಗಲದ ಒಂದು ಮಂಡಲ. ಅದರ ಉತ್ತರ ಭಾಗದಲ್ಲಿ ಒಂದು ಪೂಜಾಪೀಠ. ಪೀಠದ ಮುಂದೆ, ನೀರು ತುಂಬಿ, ಸುತ್ತಲೂ ಆ ಋತುವಿನ ಹೂಗಳನ್ನು ಕಟ್ಟಿ ಇರಿಸಿದ ಒಂದು ಕೊಪ್ಪರಿಗೆ. ಗಂಡಸೊಬ್ಬ, ಹೆಂಗಸೊಬ್ಬಳು ಎಂಬ ಕ್ರಮದಲ್ಲಿ ಜನ ಮಂಡಲದ ಅಂಚಿನಲ್ಲಿ ನಿಂತಿರುತ್ತಾರೆ. ಪೂರ್ವದಲ್ಲಿ ವಾಯುವನ್ನೂ ದಕ್ಷಿಣದಲ್ಲಿ ಅಗ್ನಿಯನ್ನೂ ಪಶ್ಚಿಮದಲ್ಲಿ ಜಲವನ್ನೂ ಉತ್ತರದಲ್ಲಿ ಪೃಥ್ವಿಯನ್ನೂ ಆವಾಹನ ಮಾಡಿದ ಬಳಿಕ ಪ್ರಧಾನ ಅರ್ಚಕಿಯಾದವಳು, ತುದಿಯಲ್ಲಿ ಸೂರ್ಯನ ಕುರುಹನ್ನೋ ಪೈನ್ ಮರದ ಕಾಯನ್ನೋ ತಾಳಿದ ದಂಡವೊಂದನ್ನು ಮೇಲೆತ್ತಿ ಸೂರ್ಯನನ್ನು ಕರೆಯುತ್ತಾಳೆ. ಆ ದಂಡ ಅರ್ಚಕನ ಕೈಗೆ ಬರುತ್ತದೆ. ಅವನು ಅದನ್ನು ಕೊಪ್ಪರಿಗೆಯ ನೀರಿನಲ್ಲಿ ಅದ್ದಿ ನೆಟ್ಟಗೆ ಹಿಡಿಯುತ್ತಾನೆ. ನೆರೆದವರು ಒಬ್ಬೊಬ್ಬರಾಗಿ ಹಾದುಹೋಗುವಾಗ ಆ ನೀರಿನ ಪ್ರೋಕ್ಷಣೆಯಾಗುತ್ತದೆ. ಪ್ರದಕ್ಷಿಣಾಕಾರವಾಗಿ ನರ್ತನ ನಡೆಯುತ್ತದೆ. ಕಡೆಯಲ್ಲಿ ಭಕ್ಷ್ಯವನ್ನೂ ದ್ರಾಕ್ಷಾರಸವನ್ನೂ ಎಲ್ಲರೂ ಹಂಚಿಕೊಳ್ಳುತ್ತಾರೆ. ಇದಕ್ಕೆ ಆರು ತಿಂಗಳ ಹಿಂದೆ, ಡಿಸೆಂಬರಿನ ದೀರ್ಘರಾತ್ರಿಯಲ್ಲಿ, ಇದೇ ಕೊಪ್ಪರಿಗೆಯೊಳಗೆ ಇದ್ದುದು ಬೆಂಕಿ. ಚಳಿಯ ನಟ್ಟನಡುವೆ ಬೆಂಕಿ, ಬಿಸಿಲಿನ ತುತ್ತತುದಿಯಲ್ಲಿ ನೀರು.

ವಿಕ್ಕಾ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ, ಗೆರಾಲ್ಡ್ ಗಾರ್ಡ್ನರನಿಂದ ಹೊರಟ ಸಂಪ್ರದಾಯದವರು ಉತ್ತರಾಯಣದ ಕಡೆಯ ದಿನದಲ್ಲಿ, ಎಂದರೆ ಜೂನ್ 21ರ ಆಸುಪಾಸಿನಲ್ಲಿ, ನಡೆಸತಕ್ಕ ಕಲ್ಪ ಇದು. ಅವರಲ್ಲಿ ಕಟ್ಟುನಿಟ್ಟಿನವರು ಇದನ್ನು ದಿಗಂಬರರಾಗಿಯೇ ನಡೆಸುತ್ತಾರೆ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ರಾತ್ರಿಗೂ ಹೊದಿಕೆ ಬೇಕೆಂಬುದನ್ನು ಬಲ್ಲವರು ಅವರ ಶ್ರದ್ಧೆಯನ್ನು ಲಘುವಾಗಿ ಎಣಿಸಲಾರರು. ಸಂಖ್ಯೆಯಲ್ಲಿ ಅವರು ಅಲ್ಪರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ತಮ್ಮ ಮತವನ್ನು ವಿಕ್ಕಾ ಎಂದು ಬರೆಸಿದವರು ಸುಮಾರು 13 ಸಾವಿರ. ಪ್ಯಾಗನರೆಂದು ಹೆಚ್ಚು ವಿಶಾಲವಾದ ಹೆಸರಿನಿಂದ ಗುರುತಿಸಿಕೊಂಡವರು ಸುಮಾರು 74 ಸಾವಿರ. ಹೀಗಿದ್ದರೂ ಧರ್ಮಜಿಜ್ಞಾಸೆ ಮಾಡುವವನಿಗೆ ಈ ಸಣ್ಣ ಸಮುದಾಯ ಒಡ್ಡುವ ಪ್ರಶ್ನೆ ಸಣ್ಣದಲ್ಲ. ಆ ಕೊಪ್ಪರಿಗೆಯ ವಿಧಿಯನ್ನು ಯಾರು, ಯಾವಾಗ, ಎಲ್ಲಿಂದ ಸಾಮಗ್ರಿಯನ್ನು ತಂದು ರಚಿಸಿದರೆಂಬುದನ್ನು ನಾವು ಬಹುಮಟ್ಟಿಗೆ ಬಲ್ಲೆವು. ಅದು ರೂಪುಗೊಂಡದ್ದು ನಮ್ಮಲ್ಲಿ ಅನೇಕರ ತಂದೆತಾಯಿಯರ ಕಾಲದಲ್ಲಿ. ಕರ್ತೃವನ್ನೂ ಕಾಲವನ್ನೂ ಬೆರಳಿಟ್ಟು ತೋರಿಸಬಹುದಾದ ಆಚಾರವೊಂದು ಆಚರಿಸುವವನ ಮೇಲೆ ಯಾವ ಅಧಿಕಾರವನ್ನು ಪಡೆದೀತು? ಮನುಷ್ಯ ತಾನೇ ಮಾಡಿದುದರ ಮುಂದೆ ತಾನೇ ತಲೆಬಾಗುವುದು ಭಕ್ತಿಯೋ ನಾಟಕವೋ?

ಗಾರ್ಡ್ನರನ ಜೀವನವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯಕ. ಅದು ಸ್ವಾರಸ್ಯವಾದುದೂ ಹೌದು. 1884ರಲ್ಲಿ ಲಿವರ್‌ಪೂಲಿನ ಸಮೀಪದಲ್ಲಿ, ಮರದ ವ್ಯಾಪಾರದಿಂದ ಸಂಪನ್ನವಾದ ಮನೆತನದಲ್ಲಿ ಆತ ಹುಟ್ಟಿದ. ಬಾಲ್ಯದಿಂದಲೇ ಗೂರಲುರೋಗ, ಅದರ ದೆಸೆಯಿಂದ ಚಳಿಗಾಲಗಳನ್ನು ದಾದಿಯೊಡನೆ ಬಿಸಿನಾಡುಗಳಲ್ಲಿ ಕಳೆದ, ಶಾಲೆಯ ಮುಖವನ್ನು ಕಂಡದ್ದು ಅಷ್ಟಕ್ಕಷ್ಟೇ, ಓದನ್ನು ತಾನೇ ಕಲಿತ. ತಾರುಣ್ಯದಲ್ಲಿ ಸಿಂಹಳದ ಟೀ ತೋಟಗಳಿಗೆ, ಅಲ್ಲಿಂದ ಬೋರ್ನಿಯೋಗೆ, ಬಳಿಕ ಮಲಯದ ರಬ್ಬರ್ ತೋಟಗಳಿಗೆ ಹೋಗಿ, ಕಡೆಗೆ ಅಲ್ಲಿಯ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿ 1936ರಲ್ಲಿ ನಿವೃತ್ತನಾದ. ಮಲಯದ ಕಠಾರಿಗಳ ವಿಷಯವಾಗಿ ಗ್ರಂಥವೊಂದನ್ನು ಬರೆಯುವಷ್ಟು ಅಲ್ಲಿಯ ಜನರ ಆಯುಧ, ಮಂತ್ರತಂತ್ರಗಳಲ್ಲಿ ಆಸಕ್ತಿ ಬೆಳೆಸಿಕೊಂಡಿದ್ದ. ಸ್ವದೇಶಕ್ಕೆ ಮರಳಿ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ನೆಲಸಿದ ಮೇಲೆ, 1939ರಲ್ಲಿ, ನ್ಯೂ ಫಾರೆಸ್ಟ್ ಪ್ರದೇಶದಲ್ಲಿ ಗುಪ್ತವಾಗಿ ಉಳಿದುಬಂದಿದ್ದ ಮಾಟಗಾತಿಯರ ಪುರಾತನ ಕೂಟವೊಂದು ತನಗೆ ದೀಕ್ಷೆ ಕೊಟ್ಟಿತೆಂದು ಆತ ಹೇಳಿಕೊಂಡ. ಮಾಟದ ವಿಷಯದ 1735ರ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಆತನ ‘ವಿಚ್‌ಕ್ರಾಫ್ಟ್ ಟುಡೇ’ ಹೊರಬಂದಿತು.

ಆ ಪುಸ್ತಕಕ್ಕೆ ಮುನ್ನುಡಿಯನ್ನು ಬರೆದವಳು ಮಾರ್ಗರೆಟ್ ಮರ್ರಿ. ಇದು ಆಕಸ್ಮಿಕವಲ್ಲ. ಯೂರೋಪಿನಲ್ಲಿ ಮಾಟಗಾತಿಯರೆಂದು ವಿಚಾರಣೆಗೆ ಗುರಿಯಾದವರು ನಿಜವಾಗಿ ಕ್ರೈಸ್ತಪೂರ್ವವಾದ ಒಂದು ಸುಸಂಘಟಿತ ಮತದ ಕಡೆಯ ಅನುಯಾಯಿಗಳೆಂಬ ಸಿದ್ಧಾಂತವನ್ನು ಆಕೆ 1921ರಲ್ಲಿ ಮಂಡಿಸಿದ್ದಳು. ನ್ಯಾಯಾಲಯದ ದಾಖಲೆಗಳಲ್ಲಿಯೂ ಹಳ್ಳಿಯ ಆಚಾರಗಳಲ್ಲಿಯೂ ಕಾಣುವ ಚೂರುಗಳಿಂದ ಕಣ್ಮರೆಯಾದ ಮೂಲವೊಂದನ್ನು ಊಹಿಸುವುದು ಆಕೆಯ ಮಾರ್ಗ. ನಮ್ಮ ಮೀಮಾಂಸಕರನ್ನು ಓದಿದವರಿಗೆ ಈ ಮಾರ್ಗ ತೀರ ಅಪರಿಚಿತವೆನಿಸದು. ಜೈಮಿನಿಯ ಪ್ರಥಮಾಧ್ಯಾಯದ ಮೂರನೆಯ ಪಾದದಲ್ಲಿ ಹೋಲಾಕಾಧಿಕರಣವೆಂಬುದೊಂದುಂಟು. ಹೋಲಾಕವೆಂಬ ವಸಂತೋತ್ಸವವನ್ನು ಪೂರ್ವದೇಶದವರು ಮಾತ್ರ ಆಚರಿಸುತ್ತಾರೆ. ಅದಕ್ಕೆ ಪ್ರತ್ಯಕ್ಷವಾದ ವೇದವಾಕ್ಯ ಕಾಣದು. ಹಾಗಾದರೆ ಅದರ ಪ್ರಮಾಣವೇನು? ಶಿಷ್ಟರು ನಡೆಸಿಕೊಂಡು ಬಂದಿರುವುದರಿಂದ ಅದಕ್ಕೊಂದು ಮೂಲಶ್ರುತಿ ಇದ್ದಿರಲೇಬೇಕು ಎಂದು ಅನುಮಾನಿಸಿ, ಶ್ರುತಿಗೆ ಪೂರ್ವ ಪಶ್ಚಿಮಗಳ ಭೇದವಿಲ್ಲವಾದುದರಿಂದ ಆ ಉತ್ಸವ ಸರ್ವರಿಗೂ ಸಲ್ಲತಕ್ಕದ್ದು ಎಂದು ಅಲ್ಲಿ ನಿರ್ಣಯವಾಗುತ್ತದೆ. ಮರ್ರಿಯೂ ಒಂದು ಬಗೆಯಲ್ಲಿ ಲುಪ್ತಶ್ರುತಿಯನ್ನು ಅನುಮಾನಿಸಿದವಳೇ. ವ್ಯತ್ಯಾಸವಿಷ್ಟೆ: ಮೀಮಾಂಸಕನ ಅನುಮಿತಶ್ರುತಿ ಚರಿತ್ರಕಾರನ ಕೈಗೆ ಸಿಕ್ಕುವಂಥದಲ್ಲ, ಮರ್ರಿಯದು ಸಿಕ್ಕಿತು. ಚಿತ್ರಹಿಂಸೆಯ ಕೆಳಗೆ ಹೊರಟ ಹೇಳಿಕೆಗಳಿಂದ ತನಗೆ ಬೇಕಾದ ವಾಕ್ಯಗಳನ್ನು ಮಾತ್ರ ಆಯ್ದು, ಬೇಡವಾದುದನ್ನು ಬಿಟ್ಟು, ಆಕೆ ಕಟ್ಟಿದ ಸೌಧವನ್ನು ಕೀತ್ ಥಾಮಸ್, ನಾರ್ಮನ್ ಕೋನ್ ಮೊದಲಾದ ಚರಿತ್ರಕಾರರು 1970ರ ದಶಕದಲ್ಲಿ ಸಂಪೂರ್ಣವಾಗಿ ಕೆಡವಿದರು. ರೊನಾಲ್ಡ್ ಹಟನ್ನನ ಬೃಹದ್‌ಗ್ರಂಥ 1999ರಲ್ಲಿ ಪ್ರಕಟವಾದ ಮೇಲಂತೂ ವಿಕ್ಕಾ ಮತವು ಇಪ್ಪತ್ತನೆಯ ಶತಮಾನದ ಸೃಷ್ಟಿಯೆಂಬ ನಿರ್ಣಯವನ್ನು ವಿಕ್ಕಾ ಅನುಯಾಯಿಗಳಲ್ಲಿಯೇ ವಿಚಾರವಂತರಾದವರು ಬಹುಮಂದಿ ಒಪ್ಪಿಕೊಂಡಿದ್ದಾರೆ. ಒಪ್ಪಿಕೊಂಡ ಮೇಲೂ ಜೂನ್ ತಿಂಗಳಲ್ಲಿ ಕೊಪ್ಪರಿಗೆಗೆ ನೀರು ತುಂಬುವುದನ್ನು ಅವರು ಬಿಡಲಿಲ್ಲ. ಜಿಜ್ಞಾಸೆಗೆ ಯೋಗ್ಯವಾದ ಸಂಗತಿ ಇದು.

ನೂತನತೆಯ ಸಾಕ್ಷ್ಯ ಇನ್ನೂ ಹತ್ತಿರದಿಂದಲೇ ದೊರೆಯುತ್ತದೆ. 1953ರ ಇದೇ ಪರ್ವದ ಸಮಯದಲ್ಲಿ ಡೋರೀನ್ ವ್ಯಾಲಿಯೆಂಟೆ ಎಂಬ ಯುವತಿಗೆ ಗಾರ್ಡ್ನರ್ ದೀಕ್ಷೆಯಿತ್ತ. ಆಗ ಆತ ಸ್ಟೋನ್‌ಹೆಂಜಿಗೆ ಹೊರಟಿದ್ದ. ಅಲ್ಲಿ ಡ್ರೂಯಿಡರು ನಡೆಸುವ ಅಯನೋತ್ಸವಕ್ಕೆ ಒಂದು ಖಡ್ಗವನ್ನು ಎರವಲು ಕೊಡಬೇಕಾಗಿದ್ದಿತು. ಒಂದು ಪಂಥದ ಖಡ್ಗ ಇನ್ನೊಂದು ಪಂಥದ ಪೂಜೆಗೆ ಎರವಲಾಗಿ ಹೋಗುವಷ್ಟು ಸಲಿಗೆಯ ಕಾಲ ಅದು! ವ್ಯಾಲಿಯೆಂಟೆ ಬಹುಶ್ರುತೆ. ಗುರು ಪುರಾತನವೆಂದು ಕೊಟ್ಟ ಮಂತ್ರಗಳಲ್ಲಿ ಅದೇ ಶತಮಾನದ ಮಾಂತ್ರಿಕ ಅಲೆಸ್ಟರ್ ಕ್ರೌಲಿಯ ವಾಕ್ಯಗಳಿರುವುದನ್ನು ಆಕೆ ಗುರುತಿಸಿ ಕೇಳಿಯೇಬಿಟ್ಟಳು. ನಿನ್ನಿಂದ ಇದಕ್ಕಿಂತ ಚೆನ್ನಾಗಿ ಆಗುವುದಾದರೆ ಮಾಡು ಎಂದು ಆತ ಅವಳಿಗೇ ಆ ಕೆಲಸವನ್ನು ಒಪ್ಪಿಸಿದ. ಅದೇ ವರ್ಷದ ಡಿಸೆಂಬರಿನ ಅಯನದಂದು, ಮಧ್ಯಾಹ್ನದ ಊಟವಾದ ಬಳಿಕ, ಆ ರಾತ್ರಿಯ ಪೂಜೆಗೆ ಮಂತ್ರವೊಂದು ಬೇಕೆಂದು ಕೇಳಿದ. ಅವಳು ಸ್ಕಾಟ್ಲೆಂಡಿನ ಗೇಲಿಕ್ ಸ್ತೋತ್ರಗಳ ಜಾಡಿನಲ್ಲಿ ಒಂದನ್ನು ಅಲ್ಲೇ ಕುಳಿತು ಬರೆದುಕೊಟ್ಟಳು. ಮರುವರ್ಷ ಬಂದ ಪುಸ್ತಕದಲ್ಲಿ ಅದು, ಹಳೆಯದೇ ಇರಬೇಕೆಂದು ಓದುಗ ಭಾವಿಸುವಂತೆ, ಮುದ್ರಿತವಾಯಿತು. ಊಟಕ್ಕೂ ಸಂಧ್ಯೆಗೂ ನಡುವೆ ಹುಟ್ಟಿ ವರ್ಷ ತುಂಬುವ ಮೊದಲೇ ಸನಾತನವಾದ ಮಂತ್ರ ಇನ್ನೆಲ್ಲಿಯಾದರೂ ಇದ್ದರೆ ನಾನರಿಯೆ.

ಉತ್ತರಾಯಣಾಂತ್ಯದ ಹಬ್ಬದ ಕಥೆ ಇದಕ್ಕಿಂತಲೂ ಈಚಿನದು. ಗಾರ್ಡ್ನರನ ಮೊದಲ ಕ್ರಮದಲ್ಲಿ ಪ್ರಾಧಾನ್ಯವಿದ್ದುದು ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಮೊದಲಲ್ಲಿ ಬರುವ ನಾಲ್ಕು ಪರ್ವಗಳಿಗೆ. ಅಯನಗಳೂ ವಿಷುವಗಳೂ ಗೌಣವಾಗಿ, ಹತ್ತಿರದ ಹುಣ್ಣಿಮೆಯ ಕೂಟದಲ್ಲಿ ಸೇರಿಹೋಗುತ್ತಿದ್ದುವು. ಹರ್ಟ್‌ಫರ್ಡ್‌ಷೈರಿನ ಬ್ರಿಕೆಟ್ ವುಡ್ಡಿನಲ್ಲಿ ಸೇರುತ್ತಿದ್ದ ಕೂಟದವರು 1958ರಲ್ಲಿ ಇವಕ್ಕೂ ಸಮಾನವಾದ ಸ್ಥಾನ ಬೇಕೆಂದು ಬಯಸಿದರು, ಗುರು ಸಮ್ಮತಿಸಿದ, ಎಂಟು ಅರಗಳ ಸಂವತ್ಸರಚಕ್ರ ಪೂರ್ಣವಾಯಿತು. ಈ ಹಬ್ಬಕ್ಕೆ ಇಂದು ಸಾಮಾನ್ಯವಾಗಿರುವ ಲಿಥಾ ಎಂಬ ಹೆಸರನ್ನು 1970ರ ದಶಕದಲ್ಲಿ ಏಡನ್ ಕೆಲ್ಲಿಯೆಂಬ ಅಮೆರಿಕದವನು, ಎಂಟನೆಯ ಶತಮಾನದ ಸನ್ಯಾಸಿ ಬೀಡನು ಆಂಗ್ಲೋ-ಸ್ಯಾಕ್ಸನರ ತಿಂಗಳುಗಳನ್ನು ಕುರಿತು ಬರೆದಿಟ್ಟ ಟಿಪ್ಪಣಿಯಿಂದ ಆಯ್ದುಕೊಟ್ಟ. ಬೀಡನಲ್ಲಿ ಅದು ತಿಂಗಳ ಹೆಸರು; ಹಬ್ಬದ್ದಲ್ಲ.

ಹಾಗೆಂದು ಇಲ್ಲಿ ಹಳೆಯದು ಯಾವುದೂ ಇಲ್ಲವೆಂದರೆ ಅದು ಅನ್ಯಾಯ. ಜೂನ್ 23ರ ರಾತ್ರಿ, ಸಂತ ಯೋಹಾನನ ಹಬ್ಬದ ಮುನ್ನಾದಿನ, ಯೂರೋಪಿನ ಉದ್ದಗಲಕ್ಕೂ ಬೆಂಕಿಗಳು ಉರಿಯುತ್ತಿದ್ದುವು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಷ್ರಾಪ್‌ಷೈರಿನ ಲಿಲ್ಲೆಷಾಲ್ ಮಠದ ಜಾನ್ ಮರ್ಕನೆಂಬ ಪಾದ್ರಿ ತನ್ನ ಪ್ರವಚನಗಳಲ್ಲಿ ಮೂರು ಬಗೆಯ ಬೆಂಕಿಗಳನ್ನು ಹೇಳುತ್ತಾನೆ: ಸೌದೆಯಿಲ್ಲದೆ ಬರಿಯ ಮೂಳೆಗಳಿಂದ ಮಾಡಿದ್ದೊಂದು, ಮೂಳೆಯಿಲ್ಲದೆ ಬರಿಯ ಸೌದೆಯಿಂದ ಮಾಡಿದ್ದೊಂದು, ಎರಡನ್ನೂ ಕೂಡಿಸಿ ಮಾಡಿದ ಸಂತ ಯೋಹಾನನ ಬೆಂಕಿಯೊಂದು. ಸೆಕೆಯ ಕಾಲದಲ್ಲಿ ಆಕಾಶದಲ್ಲಿ ಹಾರಾಡಿ ಬಾವಿಗಳನ್ನೂ ತೊರೆಗಳನ್ನೂ ಕೆಡಿಸುವ ಘಟಸರ್ಪಗಳು ಸುಟ್ಟ ಮೂಳೆಯ ದುರ್ಗಂಧಕ್ಕೆ ಓಡಿಹೋಗುತ್ತವೆಂಬುದು ಅವನು ಕೊಡುವ ಕಾರಣ. ಮೊಸೆಲ್ ನದಿಯ ದಡದಲ್ಲಿ ಹುಲ್ಲು ಸುತ್ತಿದ ಚಕ್ರಕ್ಕೆ ಬೆಂಕಿ ಹೊತ್ತಿಸಿ ಬೆಟ್ಟದಿಂದ ನದಿಗೆ ಉರುಳಿಸುತ್ತಿದ್ದರು. ಈ ಕಾಲದಲ್ಲೇ ಹಳದಿ ಹೂ ಬಿಡುವ, ಮೊಗ್ಗನ್ನು ಹಿಸುಕಿದರೆ ಬೆರಳಿಗೆ ಕೆಂಪು ಅಂಟುವ, ಸಂತ ಯೋಹಾನನ ಹೆಸರಿನ ಗಿಡವನ್ನು ಬಾಗಿಲಿಗೆ ಕಟ್ಟುತ್ತಿದ್ದರು. ವಿಕ್ಕಾದವರು ಇಂದಿಗೂ ಅದನ್ನು ಇದೇ ದಿನದಲ್ಲಿ ಕೊಯ್ಯುತ್ತಾರೆ. ಇಂಗ್ಲೆಂಡಿನಲ್ಲಿ ಮತಸುಧಾರಣೆಯ ಕಾಲದಿಂದ ಆ ಬೆಂಕಿಗಳು ನಂದುತ್ತ ಬಂದುವು. ಕಾರ್ನ್‌ವಾಲಿನವರು 1929ರಲ್ಲಿ ಅವನ್ನು ಬೆಟ್ಟದಿಂದ ಬೆಟ್ಟಕ್ಕೆ ಮತ್ತೆ ಹೊತ್ತಿಸಿದರು. ಆದುದರಿಂದ ದ್ರವ್ಯ ಹಳೆಯದು, ಕಲ್ಪ ಹೊಸದು ಎಂದು ಹೇಳಬಹುದು. ಆದರೆ ಆ ಹಳೆಯ ಬೆಂಕಿಯ ಸುತ್ತ ನೆರೆದವರು, ನಮಗೆ ದಾಖಲೆ ದೊರೆಯುವ ಮಟ್ಟಿಗೆ, ಕ್ರೈಸ್ತರೇ. ಅವರನ್ನು ಗುಪ್ತವಾಗಿ ಸೂರ್ಯೋಪಾಸಕರೆಂದು ಕರೆಯುವುದು ಸತ್ತವರಿಗೆ ಅವರ ಅನುಮತಿಯಿಲ್ಲದೆ ದೀಕ್ಷೆ ಕೊಟ್ಟಂತೆ.

ಇನ್ನು ಈ ಹಬ್ಬದ ಅರ್ಥವೇನು? ಲಂಡನ್ನಿನಲ್ಲಿ ಆ ದಿನದ ಹಗಲು 16½ ಗಂಟೆಗೂ ಮಿಕ್ಕಿದ್ದು. ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಮೆ. ಹಗಲಿಗೂ ರಾತ್ರಿಗೂ ಅಂತರ ಬೆಂಗಳೂರಿನಲ್ಲಿ ಎಂದೂ ಎರಡು ಗಂಟೆಯನ್ನು ಮೀರದಿರುವುದರಿಂದ, ಜೂನ್ ತಿಂಗಳೆಂದರೆ ಮುಂಗಾರಿನ ಮೋಡವೆಂದು ತಿಳಿದ ನಮಗೆ, ಬೆಳಕು ಹೀಗೆ ಉಬ್ಬರವಿಳಿತಗಳಂತೆ ಏರಿಳಿಯುವ ನಾಡಿನವರ ಭಾವ ಒಮ್ಮೆಗೇ ಎಟುಕದು. ಪ್ರಕಾಶ ಪರಾಕಾಷ್ಠೆಯನ್ನು ಮುಟ್ಟಿದ ಆ ದಿನವೇ ಅದರ ಹ್ರಾಸಕ್ಕೂ ಮೊದಲ ದಿನ. ಸೂರ್ಯನ ಸೆಕೆ ಇನ್ನೂ ಏರುತ್ತಲೇ ಇರುತ್ತದೆ, ಪೈರು ಇನ್ನೂ ಮಾಗಿರುವುದಿಲ್ಲ. ಆದರೂ ನಾಳೆಯ ಹಗಲು ಇಂದಿನದಕ್ಕಿಂತ ಕೆಲವು ಸೆಕೆಂಡುಗಳಷ್ಟು ಗಿಡ್ಡ. ಸುಖದ ತುದಿಯಲ್ಲಿ ನಿಂತು ಅದರ ಕ್ಷಯವನ್ನು ಅರಿಯಿರಿ ಎಂದು ಹೇಳುವ ವೈರಾಗ್ಯಗ್ರಂಥಗಳು ಎಲ್ಲ ದೇಶಗಳಲ್ಲಿಯೂ ಇವೆ. ಆ ಕ್ಷಯವನ್ನು ಶೋಕಿಸದೆ, ನಿಂದಿಸದೆ, ಹೂ ಮುಡಿದು ಬರಮಾಡಿಕೊಳ್ಳುವ ಹಬ್ಬ ಅಪೂರ್ವವಾದುದು.

ಈ ಭಾವಕ್ಕೆ ಅವರು ತೊಡಿಸಿರುವ ಪುರಾಣ ಮಾತ್ರ ನನಗೆ ಅಷ್ಟು ಸಮರ್ಪಕವಾಗಿ ತೋರುವುದಿಲ್ಲ. ಬೆಳೆಯುವ ಅರ್ಧವರ್ಷಕ್ಕೆ ಓಕ್ ಮರದ ಅರಸ, ಕುಗ್ಗುವ ಅರ್ಧವರ್ಷಕ್ಕೆ, ಚಳಿಯಲ್ಲೂ ಎಲೆಯುದುರದೆ ಕೆಂಪು ಹಣ್ಣು ತಾಳುವ ಹಾಲಿ ಗಿಡದ ಅರಸ, ಇಬ್ಬರೂ ಅಣ್ಣತಮ್ಮಂದಿರು, ಒಂದೊಂದು ಅಯನದಲ್ಲಿ ಒಬ್ಬನು ಮತ್ತೊಬ್ಬನನ್ನು ಗೆಲ್ಲುತ್ತಾನೆ. ಫ್ರೇಜರನ ‘ದಿ ಗೋಲ್ಡನ್ ಬೌ’ದಿಂದ ಸ್ಫೂರ್ತಿ ಪಡೆದು ರಾಬರ್ಟ್ ಗ್ರೇವ್ಸ್ ಕವಿ 1948ರ ‘ದಿ ವೈಟ್ ಗಾಡೆಸ್’ನಲ್ಲಿ ಕಲ್ಪಿಸಿದ ಈ ಜೋಡಿಯನ್ನು, ಜ್ಯಾನೆಟ್ ಮತ್ತು ಸ್ಟೂಅರ್ಟ್ ಫ್ಯಾರರ್ ದಂಪತಿಗಳು 1981ರಲ್ಲಿ ಪ್ರಕಟಿಸಿದ ಪರ್ವಕಲ್ಪದಲ್ಲಿ ಅಳವಡಿಸಿದರು; ಈಗ ಅನೇಕ ಕೂಟಗಳಲ್ಲಿ ಎಲೆಯ ಕಿರೀಟ ತೊಟ್ಟ ಇಬ್ಬರು ಇದನ್ನು ಆಡಿ ತೋರಿಸುತ್ತಾರೆ. ಆದರೆ ಅದೇ ಚಕ್ರದಲ್ಲಿ ಇನ್ನೊಂದು ಕಥೆಯೂ ಉಂಟು: ಡಿಸೆಂಬರಿನಲ್ಲಿ ದೇವಿಯ ಮಗನಾಗಿ ಹುಟ್ಟಿ, ಬೇಸಗೆಯಲ್ಲಿ ಅವಳ ಪತಿಯಾಗಿ, ಪೈರಿನ ಕೊಯಿಲಿನೊಡನೆ ಪ್ರಾಣ ತೆತ್ತು, ಮತ್ತೆ ಅವಳಲ್ಲೇ ಹುಟ್ಟುವ ಒಬ್ಬನೇ ದೇವನ ಕಥೆ. ಮೊದಲನೆಯದರಂತೆ ಜೂನ್ 21 ಸೋಲಿನ ದಿನ. ಎರಡನೆಯದರಂತೆ ಯೌವನದ ಉತ್ಕರ್ಷದ ದಿನ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಪೂಜಿಸುವವರು ಇದ್ದಾರೆ, ಹೊಲಿಗೆ ಎದ್ದುಕಾಣುತ್ತದೆ. ನಮ್ಮ ಪುರಾಣಗಳಲ್ಲಿಯೂ ಇಂಥ ವಿರೋಧಗಳು ವಿಪುಲವಾಗಿವೆಯಾದರೂ ಅವುಗಳ ಮೇಲೆ ಕಾಲ ಕೈಯಾಡಿಸಿದೆ.

ಪ್ರಾಮಾಣ್ಯದ ಪ್ರಶ್ನೆಗೆ ಮರಳೋಣ. ಮೀಮಾಂಸಕನ ದೃಷ್ಟಿಯಲ್ಲಿ ವಿಧಿವಾಕ್ಯವೇ ನಿತ್ಯ. ಕಾಲವು ಆ ವಿಧಿಗೆ ಅಂಗ. ವೇದವು ಈ ಕಾಲದಲ್ಲಿ ಮಾಡು ಎಂದುದರಿಂದಲೇ ಆ ಕಾಲಕ್ಕೆ ಮಹತ್ತ್ವ. ವಿಕ್ಕಾದಲ್ಲಿ ಈ ಸಂಬಂಧ ತಲೆಕೆಳಗಾಗಿದೆಯೆಂದು ನನಗೆ ತೋರುತ್ತದೆ. ಅಲ್ಲಿ ಕಾಲವೇ ಅಪೌರುಷೇಯ. ಭೂಮಿಯ ಅಕ್ಷ ಸುಮಾರು 23½ ಅಂಶ ಓರೆಯಾಗಿರುವುದರಿಂದ ಉಂಟಾಗುವ ಆ ತಿರುವನ್ನು ಯಾವ ಗಾರ್ಡ್ನರನೂ ರಚಿಸಲಿಲ್ಲ. ಮಾತುಗಳು ಮಾತ್ರ ಪೌರುಷೇಯ, ಆದುದರಿಂದ ತಿದ್ದತಕ್ಕವು. ಮಂತ್ರ ಮೊನ್ನೆಯದೆಂದು ತಿಳಿದರೂ ಅನುಯಾಯಿಯ ಶ್ರದ್ಧೆ ಕೆಡದಿರುವುದಕ್ಕೆ ಇದೇ ಕಾರಣವಿರಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಮತ್ತು ಅದು ಗಟ್ಟಿಯಾದ ಆಕ್ಷೇಪ. ತನಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದ ಆಚಾರ ತನ್ನನ್ನು ಎಂದಿಗೂ ತಿದ್ದಲಾರದು. ನಿತ್ಯಕರ್ಮದ ಬಲವಿರುವುದು ಅದನ್ನು ಬಿಟ್ಟರೆ ಪ್ರತ್ಯವಾಯ ಉಂಟೆಂಬಲ್ಲಿ; ಇಷ್ಟವಾದರೆ ಮಾಡುವ, ಬೇಸರವಾದರೆ ಬದಲಿಸುವ ಕರ್ಮದಲ್ಲಿ ಆ ಬಲವೆಲ್ಲಿ? 1988ರಲ್ಲಿ ಸ್ಕಾಟ್ ಕನಿಂಗ್‌ಹ್ಯಾಮನು ಒಂಟಿ ಸಾಧಕರಿಗಾಗಿ ಬರೆದ ಕೈಪಿಡಿಯ ಬಳಿಕ, ಗುರುವೂ ಕೂಟವೂ ಇಲ್ಲದೆ ತಮ್ಮ ಹಿತ್ತಿಲಲ್ಲಿ ತಮ್ಮದೇ ಕಲ್ಪವನ್ನು ರಚಿಸಿಕೊಳ್ಳುವವರು ಹೆಚ್ಚಿದ್ದಾರೆಂಬುದನ್ನು ನೋಡಿದರೆ ಈ ಆಕ್ಷೇಪಕ್ಕೆ ಇನ್ನೂ ಪುಷ್ಟಿ ಬರುತ್ತದೆ.

ಇದಕ್ಕೆ ಪೂರ್ಣವಲ್ಲದಿದ್ದರೂ ಒಂದು ಉತ್ತರ ಆಸ್ಟ್ರೇಲಿಯದಿಂದ ದೊರೆಯುತ್ತದೆ. ಅಲ್ಲಿ ಜೂನ್ 21 ಚಳಿಗಾಲದ ಅತಿ ದೀರ್ಘರಾತ್ರಿ. ಇಂಗ್ಲೆಂಡಿನ ಪುಸ್ತಕವನ್ನು ಶಬ್ದಶಃ ನಂಬಿದರೆ ನಡುಚಳಿಯಲ್ಲಿ ಸೂರ್ಯವಿಜಯವನ್ನು ಹಾಡಬೇಕು. ಅಲ್ಲಿಯ ವಿಕ್ಕಾದವರಲ್ಲಿ ಬಹುಮಂದಿ ಪುಸ್ತಕವನ್ನು ಬಿಟ್ಟು ಸೂರ್ಯನನ್ನು ಹಿಡಿದರು: ಲಿಥಾ ಡಿಸೆಂಬರಿಗೆ ಹೋಯಿತು, ಕ್ರಿಸ್ಮಸ್ಸಿನ ಮಗ್ಗುಲಿಗೆ, ಅಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಬಲದಿಂದ ಎಡಕ್ಕೆ ಸಾಗುವುದರಿಂದ ಅನೇಕ ಕೂಟಗಳು ಅಗ್ನಿಯ ಸ್ಥಾನವನ್ನು ಉತ್ತರಕ್ಕೆ ತಂದು, ನಮ್ಮ ಲೆಕ್ಕದಲ್ಲಿ ಅಪ್ರದಕ್ಷಿಣವೆನಿಸುವ ದಿಕ್ಕಿನಲ್ಲಿ ನರ್ತಿಸುತ್ತವೆ. ಕಾಳ್ಗಿಚ್ಚಿನ ಭಯದಿಂದ ಸರ್ಕಾರ ಬೆಂಕಿಯನ್ನು ಪೂರ್ಣವಾಗಿ ನಿಷೇಧಿಸುವ ದಿನಗಳು ಅಲ್ಲಿ ಬೇಸಗೆಯಲ್ಲೇ ಬರುವುದರಿಂದ, ಬೆಂಕಿಯ ಹಬ್ಬದಲ್ಲಿ ಬಯಲಿಗೆ ಬೆಂಕಿ ತರುವಂತಿಲ್ಲದ ಪ್ರಸಂಗಗಳೂ ಉಂಟು. ಈ ಬದಲಾವಣೆಗಳನ್ನು ಯಾರ ರುಚಿಯೂ ಮಾಡಿಸಲಿಲ್ಲ. ಆಕಾಶವೂ ನೆಲವೂ ಮಾಡಿಸಿದುವು, ಅವರು ವಿಧೇಯರಾದರು. ತನಗಿಂತ ಹೊರಗಿನ ಯಾವುದಕ್ಕೋ ವಿಧೇಯವಾಗುವುದು ಧರ್ಮದ ಲಕ್ಷಣವಾದರೆ ಇಲ್ಲಿ ಆ ಲಕ್ಷಣ ಇದೆ.

ಆದರೆ ಆಕಾಶವೊಂದೇ ಸಾಕೆ? ಇದಕ್ಕೆ ನಮ್ಮ ದೇಶದಲ್ಲೇ, ವಿಚಿತ್ರವಾಗಿ ಬ್ರಿಕೆಟ್ ವುಡ್ಡಿನ ಕೂಟದ ಆ ವರ್ಷಗಳಲ್ಲೇ, ಒಂದು ಪರೀಕ್ಷೆ ನಡೆಯಿತು. ಅಯನಚಲನದ ದೆಸೆಯಿಂದ ನಮ್ಮ ಪಂಚಾಂಗಗಳು ದಕ್ಷಿಣಾಯನದ ಮೊದಲೆಂದು ಎಣಿಸುವ ಕರ್ಕಾಟಕ ಸಂಕ್ರಮಣ ಈಗ ಬರುವುದು ಜುಲೈ 16ರ ಸುಮಾರಿಗೆ. ಸೂರ್ಯ ದಕ್ಷಿಣಕ್ಕೆ ತಿರುಗಿ ಮೂರು ವಾರಕ್ಕೂ ಹೆಚ್ಚು ಕಳೆದ ಮೇಲೆ. ಸುಮಾರು ಹದಿನೇಳು ಶತಮಾನಗಳ ಹಿಂದೆ ಎರಡೂ ಕೂಡಿದ್ದುವು. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಸಮಿತಿ ಇದನ್ನು ಸರಿಪಡಿಸಲು ಸಾಯನ ಗಣನೆಯ ರಾಷ್ಟ್ರೀಯ ಪಂಚಾಂಗವೊಂದನ್ನು ಸೂಚಿಸಿತು; ಸರ್ಕಾರ 1957ರ ಮಾರ್ಚ್ 22ರಿಂದ ಅದನ್ನು ಜಾರಿಗೆ ತಂದಿತು. ಅದರಲ್ಲಿ ಆಷಾಢದ ಮೊದಲ ದಿನ ಜೂನ್ 22. ಬ್ರಿಕೆಟ್ ವುಡ್ಡಿನ ಹಿಡಿಮಂದಿ ತಮ್ಮ ಅಯನಪರ್ವವನ್ನು ಸ್ಥಾಪಿಸಿಕೊಂಡದ್ದು ಅದರ ಮರುವರ್ಷ. ಗಣಿತದ ಬಲವೂ ರಾಜಶಾಸನದ ಬಲವೂ ಇದ್ದ ನಮ್ಮ ಪಂಚಾಂಗದ ದಿನಾಂಕ ಇಂದಿಗೂ ಭಾರತದ ರಾಜಪತ್ರದ ಮೇಲೆ ಅಚ್ಚಾಗುತ್ತಿದೆ; ಜೂನ್ 22ರ ಬೆಳಗ್ಗೆ ನಮ್ಮ ಊರುಗಳಲ್ಲಿ ಸಂಕಲ್ಪ ಹೇಳುವ ಪುರೋಹಿತರು ಉತ್ತರಾಯಣವೆಂದೇ ಹೇಳುತ್ತಾರೆ.